ಸುರಂಗ ಉಳಿಸಿಕೊಟ್ಟ ಇಪ್ಪತ್ತು ನಿಮಿಷ

ಕಾರವಾರದ ಒಂದು ಪ್ರೌಢಶಾಲೆಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದ ವಿನುತಾ, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ವಿಷಯದಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹತ್ತು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಗೆರೆ ಬೀಳುತ್ತಿತ್ತು. ಆಮೇಲೆ ಬಂದವರು ಗೆರೆಯ ಕೆಳಗೆ ಸಹಿ ಮಾಡಬೇಕು, ಸಮಯವನ್ನೂ ಬರೆಯಬೇಕು. ಕದ್ವಾಡದಿಂದ ಬರುವ ಚಿತ್ರಕಲೆಯ ಮಾಸ್ತರರಾದ ಹರಿಶ್ಚಂದ್ರರು ವಾರಕ್ಕೆ ಮೂರು ದಿನವಾದರೂ ಗೆರೆಯ ಕೆಳಗೇ ಉಳಿಯುತ್ತಿದ್ದರು. ಬಸ್ಸು ತಡವಾಯಿತೆಂದು ಅವರು ಒಮ್ಮೆ ಗೋಗರೆದಾಗ, ಬಸ್ಸಿನ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದಿದ್ದರೆ ಅದರ ಮುಂದೆಯೇ ಗೆರೆ ಎಳೆಯುತ್ತಿದ್ದೆ ಎಂದು ಅವಳು ತಲೆಯೆತ್ತದೆ ಹೇಳಿದ್ದಳು. ಅಂದಿನಿಂದ ಮಾಸ್ತರರು ಬಸ್ಸನ್ನು ದೂರುವುದನ್ನು ಬಿಟ್ಟು ಮಂಡಿನೋವನ್ನು ದೂರತೊಡಗಿದರು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ದಿನಕ್ಕೆ ಇಪ್ಪತ್ತು ನಿಮಿಷವನ್ನು ಯಾರಿಗೂ ತಿಳಿಯದಂತೆ ತನ್ನ ಬಳಿಯೇ ಇಟ್ಟುಕೊಂಡಿದ್ದಳೆಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ. ಅದಕ್ಕೆ ಅವಳಿಗಿಂತ ಹೆಚ್ಚಾಗಿ ಸರಕಾರ ಕೊರೆಸಿದ ಸುರಂಗವೇ ಹೊಣೆ.

ಅಂಕೋಲೆಯ ಮನೆಯಿಂದ ಕಾರವಾರದ ಶಾಲೆಗೆ ಅವಳು ಹದಿಮೂರು ವರ್ಷಗಳಿಂದ ಬಸ್ಸಿನಲ್ಲೇ ಓಡಾಡುತ್ತಿದ್ದಳು. ಸಂಜೆ ನಾಲ್ಕೂ ಮುಕ್ಕಾಲಿಗೆ ಕಾರವಾರ ಬಿಟ್ಟ ಬಸ್ಸು ಹಿಂದೆಲ್ಲ ಗುಡ್ಡವನ್ನು ಸುತ್ತುಹಾಕಿ, ಬಿಣಗಾದಲ್ಲಿ ಲಾರಿಗಳ ಹಿಂದೆ ನಿಂತು, ಅಮದಳ್ಳಿ, ಅವರ್ಸಾ, ಹಟ್ಟಿಕೇರಿಗಳನ್ನು ದಾಟಿ ಅಂಕೋಲೆಯನ್ನು ಮುಟ್ಟುವಾಗ ಆರಕ್ಕೆ ಹತ್ತು ನಿಮಿಷ ಬಾಕಿ ಇರುತ್ತಿತ್ತು. ಅಲ್ಲಿಂದ ಹತ್ತು ನಿಮಿಷ ನಡೆದರೆ ಮನೆ. ಆರು ಗಂಟೆಗೆ ಸೊಸೆ ಬರುತ್ತಾಳೆಂಬುದು ಆ ಮನೆಯಲ್ಲಿ ಸೂರ್ಯ ಮುಳುಗುವಷ್ಟೇ ನಿಶ್ಚಿತವಾದ ಸಂಗತಿಯಾಗಿತ್ತು. ಮುಂದೆ ಹೆದ್ದಾರಿ ಅಗಲವಾಯಿತು. ಗುಡ್ಡದ ಹೊಟ್ಟೆಯಲ್ಲಿ ಸುರಂಗ ಬಂತು. ಬಸ್ಸಿನ ಕಿಟಕಿಯಲ್ಲಿ ಕಾಣುತ್ತಿದ್ದ ಸಮುದ್ರದ ಒಂದು ತುಂಡನ್ನು ಕಿತ್ತುಕೊಂಡ ಸುರಂಗವು ಅದಕ್ಕೆ ಬದಲಾಗಿ ಇಪ್ಪತ್ತು ನಿಮಿಷಗಳನ್ನು ಕೊಟ್ಟಿತು. ಈಗ ಐದೂವರೆಗೇ ಅಂಕೋಲೆ. ಆದರೆ ಈ ಲೆಕ್ಕ ಮನೆಯ ಗಡಿಯಾರಕ್ಕೆ ತಿಳಿಯಲಿಲ್ಲ. ಅತ್ತೆ ಗಂಗೂ ಮಳೆಗಾಲ ಬೇಸಿಗೆಗಳೆನ್ನದೆ ಊರಲ್ಲೇ ಇರುವವಳು. ಗಂಡ ಸತೀಶ ಹಿಲ್ಲೂರಿನ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಅವನ ಬೈಕು ಕಾರವಾರದ ದಿಕ್ಕಿಗೆ ತಿರುಗುವುದೇ ವರ್ಷಕ್ಕೆ ಎರಡು ಸಲ. ಮಗಳು ಪ್ರೇಕ್ಷಾ ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಆರು ಗಂಟೆಗೆ ಬರಬೇಕಾದವಳು ಆರು ಗಂಟೆಗೆ ಬರುತ್ತಿರುವಾಗ ಕೇಳುವುದಾದರೂ ಏನನ್ನು?

ಬೇಗ ಬಂದ ಮೊದಲ ದಿನ ವಿನುತಾ ಬಸ್ ನಿಲ್ದಾಣದಲ್ಲಿ ಇಳಿದು, ಗೋಡೆಯ ಗಡಿಯಾರ ನೋಡಿ, ಅದು ನಿಂತುಹೋಗಿದೆಯೆಂದು ಭಾವಿಸಿ, ಕೈಗಡಿಯಾರವನ್ನೂ ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಅಷ್ಟು ಸಮಯ ಅವಳ ಕೈಗೆ ಬಿಡಿಯಾಗಿ ಸಿಕ್ಕಿ ಎಷ್ಟೋ ವರ್ಷಗಳಾಗಿದ್ದವು. ನೇರವಾಗಿ ಮನೆಗೆ ಹೋಗಬಹುದಿತ್ತು. ಕಾಲುಗಳು ಎದುರಿನ ಮಾಬ್ಲೇಶ್ವರನ ಹೋಟೆಲಿಗೆ ಹೋದವು.

ಹೋಟೆಲಿನ ಯಜಮಾನನಾದ ಮಾಬ್ಲೇಶ್ವರ ಸಭ್ಯ ಮನುಷ್ಯ. ಒಂಟಿ ಹೆಂಗಸು ಬಂದದ್ದನ್ನು ಕಂಡು ಒಳಗೆ ಹಲಗೆ ಹೊಡೆದು ಮರೆಮಾಡಿದ್ದ ಕೋಣೆಯ ಕಡೆ ಕೈ ತೋರಿಸಿದ.

"ಅಕ್ಕೋರೆ, ಒಳಗೆ ಫ್ಯಾಮಿಲಿ ರೂಮ್ ಅದೆ."

"ನನ್ನ ಸಂಗ್ತಿಗೆ ಫ್ಯಾಮಿಲಿ ಇಲ್ಲಲ" ಎಂದು ವಿನುತಾ ರಸ್ತೆಗೆ ಮುಖಮಾಡಿದ ಬೆಂಚಿನ ತುದಿಯಲ್ಲಿ ಕುಳಿತಳು.

ಈ ಸಂದರ್ಭದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗಂಡಸೊಬ್ಬ ಹೋಟೆಲಿನ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಒಂದು ಚಹಾವನ್ನು ಮುಕ್ಕಾಲು ತಾಸು ಕುಡಿದರೂ ಅವನಿಗೆ ಮನೆ ಇದೆಯೇ, ಮನೆಯಲ್ಲಿ ಕೆಲಸ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅದೇ ಬೆಂಚಿನಲ್ಲಿ ಹೆಂಗಸೊಬ್ಬಳು ಹತ್ತು ನಿಮಿಷ ಕುಳಿತರೆ, ಅವಳಿಗೆ ಏನೋ ಆಗಿದೆಯೆಂದೇ ದಾರಿಹೋಕರು ತೀರ್ಮಾನಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಡಬ್ಬಿ ಕಟ್ಟಿ, ಮನೆ ಗುಡಿಸಿ, ಬಸ್ಸಿನಲ್ಲಿ ನಿಂತೇ ಹೋಗಿ, ನೂರಾರು ಮಕ್ಕಳ ದಾಖಲೆಗಳ ನಡುವೆ ದಿನವಿಡೀ ಬೆನ್ನು ಬಗ್ಗಿಸಿ, ಮರಳಿ ಬಂದು ಒಲೆಯ ಮುಂದೆ ನಿಲ್ಲುವವಳಿಗೆ ಕುಳಿತುಕೊಳ್ಳುವ ಹಕ್ಕನ್ನು ಯಾವ ಪಂಚಾಯತಿಯಿಂದ ಮಂಜೂರು ಮಾಡಿಸಿಕೊಳ್ಳಬೇಕು? ಇದು ಅನ್ಯಾಯ, ಅನ್ಯಾಯವು ಹಳೆಯದಾದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ.

ವಿನುತಾಳಿಗೆ ಆಗ ಇಷ್ಟೆಲ್ಲ ಹೊಳೆಯಲಿಲ್ಲ. ಅವಳ ಮುಂದೆ ಎರಡು ಬನ್ಸ್ ಬಂದಿದ್ದವು. ಬಾಳೆಹಣ್ಣಿನ ಪರಿಮಳದ, ಎಣ್ಣೆಯಿಂದ ಈಗಷ್ಟೇ ಎದ್ದ, ಮುರಿದರೆ ಒಳಗಿಂದ ಹಬೆ ಹೊರಡುವ ಬನ್ಸ್. ಮನೆಯಲ್ಲಿ ಬನ್ಸ್ ಮಾಡಿದಾಗ ಅವಳ ಪಾಲಿಗೆ ಬರುವುದು ಯಾವಾಗಲೂ ಕೊನೆಯ ಎರಡು. ಅಷ್ಟರಲ್ಲಿ ಅವು ತಣ್ಣಗಾಗಿ ಬೆರಳಿಗೆ ಎಣ್ಣೆ ಬಿಡುತ್ತಿದ್ದವು. ಎಣ್ಣೆಯಿಂದ ಎದ್ದ ಕೂಡಲೇ ತಟ್ಟೆಗೆ ಬಂದ ಬನ್ಸನ್ನು ತಾನು ತಿಂದು ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ಹೋಗಿ ಅವಳಿಗೆ ಮದುವೆಗೆ ಮುಂಚಿನ ದಿನಗಳವರೆಗೆ ನಡೆಯಬೇಕಾಯಿತು.

ಅಂದಿನಿಂದ ಆ ಬೆಂಚು ಅವಳದಾಯಿತು. ಆ ಹೊತ್ತಿಗೆ ಅವಳು ತನಗೆ ತಾನೇ ಒಂದು ನಿಯಮವನ್ನು ಹಾಕಿಕೊಂಡಿದ್ದಳು: ಮನೆ ಹಾಗೂ ಶಾಲೆಯ ವಿಚಾರಗಳಿಗೆ ಪ್ರವೇಶವಿಲ್ಲ. ನಾಳೆಯ ದೋಸೆಗೆ ಅಕ್ಕಿ ನೆನೆಸಬೇಕೆಂಬ ಯೋಚನೆ ಬಂದರೆ, ತಡವಾಗಿ ಬಂದ ವಿದ್ಯಾರ್ಥಿಯಂತೆ ಅದನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದಳು. ಒಳಗೆ ಬರಲು ಅನುಮತಿ ಇದ್ದದ್ದು ಕೆಲಸಕ್ಕೆ ಬಾರದ ಯೋಚನೆಗಳಿಗೆ ಮಾತ್ರ. ಹೊರಡಲು ಇನ್ನೂ ಕಾಲು ತಾಸಿರುವ ಬಸ್ಸಿಗೆ ಜನ ಓಡಿ ಹೋಗಿ ಹತ್ತಿ, ಹತ್ತಿದ ಮೇಲೆ ಬಸ್ಸು ಯಾಕೆ ಹೊರಡುವುದಿಲ್ಲವೆಂದು ಕಂಡಕ್ಟರನನ್ನು ಬೈಯುವುದೇಕೆ? ಕೊಡೆ ರಿಪೇರಿಯವನ ಕೊಡೆ ಯಾವಾಗಲೂ ಹರಿದೇ ಇರುವುದೇಕೆ? ಎದುರಿನ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ ಗೊಂಬೆಗೆ ಆರು ತಿಂಗಳಿಂದ ಒಂದೇ ಸೀರೆ. ಅದರ ಸ್ಥಿತಿಯೂ ತನ್ನದೂ ಒಂದೇ ಎಂದು ಅವಳಿಗೆ ಒಮ್ಮೆ ನಗು ಬಂತು. ಕೆಲವರು ಚಹಾವನ್ನು ಸಾಲ ತೀರಿಸುವಂತೆ ಒಂದೇ ಉಸಿರಿಗೆ ಕುಡಿದು ಏಳುತ್ತಿದ್ದರು, ಕೆಲವರು ಊದಿ ಊದಿ ಅದರ ಬಿಸಿಯನ್ನೆಲ್ಲ ಊರಿಗೆ ಹಂಚುತ್ತಿದ್ದರು. ಅವಳು ಮಾತ್ರ ಗಾಜಿನ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ದಿನವಿಡೀ ಪೆನ್ನು ಹಿಡಿದ ಬೆರಳುಗಳಿಗೆ ಮೊದಲು ಬಿಸಿ ಕೊಟ್ಟು, ಆಮೇಲೆ ಬಾಯಿಗೆ ಕೊಡುತ್ತಿದ್ದಳು.

ಐದೂ ಐವತ್ತಕ್ಕೆ ಎದ್ದು ಹೊರಟರೆ ಆರು ಗಂಟೆಗೆ ಮನೆ. ಅಡಿಗೆಮನೆಯಲ್ಲಿ ಗಂಗೂ ಎರಡು ಲೋಟ ಚಹಾ ಮಾಡಿ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. ವಿನುತಾ ಕೈಕಾಲು ತೊಳೆದು ಬಂದು ಅತ್ತೆಯ ಎದುರು ಕುಳಿತು ಅದನ್ನೂ ಕುಡಿಯುತ್ತಿದ್ದಳು. ಬಸ್ಸಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ನವೆಂಬರದ ಒಂದು ಶುಕ್ರವಾರ ಅದು ಮುರಿದುಬಿತ್ತು. ಮುರಿದದ್ದು ಯಾರ ಹೊಟ್ಟೆಕಿಚ್ಚೂ ಅಲ್ಲ; ಒಳ್ಳೆಯತನ.

ಅಂಕೋಲೆಯ ಮೀನು ಪೇಟೆಯಲ್ಲಿ ಕಾಶಿ ಎಂಬವಳು ವಿನುತಾಳ ಮನೆಗೆ ಖಾಯಂ ಮೀನು ಕೊಡುವ ಮೀನುಗಾರ್ತಿ. ಇಲ್ಲಿಯ ಮನೆಗಳಿಗೂ ಮೀನುಗಾರ್ತಿಯರಿಗೂ ಇರುವ ಸಂಬಂಧ ಬರಿಯ ವ್ಯಾಪಾರದ್ದಲ್ಲ. ಯಾವ ಮನೆಯಲ್ಲಿ ಸೋಮವಾರ ಮೀನಿಲ್ಲ, ಯಾರು ಶನಿವಾರ ಮುಟ್ಟುವುದಿಲ್ಲ, ಯಾರ ಮನೆಯ ಮುದುಕಿಗೆ ಮುಳ್ಳು ಹೆಚ್ಚಿರುವ ಮೀನು ಆಗದು, ಎಲ್ಲವೂ ಮೀನುಗಾರ್ತಿಗೆ ಬಾಯಿಪಾಠ. ಮನೆಯವರೂ ಇನ್ನೊಬ್ಬಳ ಬುಟ್ಟಿಯತ್ತ ತಿರುಗಿ ನೋಡುವಂತಿಲ್ಲ. ಬುಧವಾರ, ಶುಕ್ರವಾರ ವಿನುತಾಳ ಪಾಲಿನ ಮೀನನ್ನು ಕಾಶಿ ಒದ್ದೆ ಗೋಣಿಯ ಕೆಳಗೆ ಬೇರೆಯೇ ಇಟ್ಟಿರುತ್ತಿದ್ದಳು. ವಿನುತಾ ಹೋಟೆಲಿನಿಂದ ಎದ್ದು ಪೇಟೆಯ ಬಾಗಿಲಲ್ಲಿ ಹಾಯ್ದು ಅದನ್ನು ಚೀಲಕ್ಕೆ ಹಾಕಿಸಿಕೊಂಡು ಹೋಗುವುದು ರೂಢಿ.

ಆ ಶುಕ್ರವಾರ ಅವಳು ಹೋದಾಗ ಕಾಶಿಯ ಮಣೆ ಬರಿದಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಮೀನಿನ ಮೇಲೆ ನೀರು ಚಿಮುಕಿಸುತ್ತ ವಿಷಯವನ್ನು ತಿಳಿಸಿದಳು. ಕಾಶಿಯ ನಾದಿನಿಯ ಮಗಳ ನಿಶ್ಚಿತಾರ್ಥವಂತೆ. ಬೇಗ ಎದ್ದು ಹೋಗಬೇಕಾಗಿತ್ತು. ಅಕ್ಕೋರು ಬಸ್ಸಿಳಿದು ಹೋಟೆಲಿಗೆ ಹೋದದ್ದನ್ನು ಕಾಶಿ ಕಂಡಿದ್ದಳು. ದಣಿದು ಕುಳಿತವರನ್ನು ಎಬ್ಬಿಸಿ ಮೀನಿನ ಚೀಲ ಕೈಗೆ ಕೊಡುವುದು ಸರಿಯಲ್ಲವೆಂದು, ಬಂಗಡೆಯನ್ನು ತಾನೇ ಹೆಚ್ಚಿ ಶುದ್ಧ ಮಾಡಿ, ರಿಕ್ಷಾದಲ್ಲಿ ಹೋಗುವ ದಾರಿಯಲ್ಲಿ ಮನೆಗೇ ಕೊಟ್ಟು ಹೋಗುತ್ತೇನೆಂದು ಹೇಳಿ ಹೋಗಿದ್ದಳು.

"ಎಷ್ಟ್ ಹೊತ್ತಾಯ್ತು?"

"ಆಗ್ಲೇ ಹೋಯ್ತಲೇ ತಂಗೀ. ನೀ ಚಾ ಬಾಯಿಗಿಡೂಕಿಂತ ಮುಂಚೆ ಮೀನು ನಿಮ್ಮನೆ ಮುಟ್ಟಿರ್ತದೆ."

ಮುದುಕಿ ಇದನ್ನು ಉಪಕಾರದ ಸುದ್ದಿಯಾಗಿಯೇ ಹೇಳಿದಳು. ವಿನುತಾಳೂ ಉಪಕಾರವಾಯಿತೆಂದೇ ಹೇಳಿ ಹೊರಬಂದಳು. ಆದರೆ ಬಂಗಡೆಯನ್ನು ಕೊಡುವಾಗ ಕಾಶಿ ಸುಮ್ಮನೆ ಕೊಟ್ಟು ಹೋಗುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೀನಿನ ಜೊತೆಗೆ ಸುದ್ದಿಯನ್ನೂ ಕೊಡುವುದು ಆ ಕಸುಬಿನ ಮರ್ಯಾದೆ.

ಹತ್ತು ನಿಮಿಷದ ದಾರಿ ಅಂದು ಬಹಳ ಚಿಕ್ಕದಾಯಿತು. ನಡೆಯುತ್ತ ಅವಳು ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಂಡಳು. ತಾನು ಸುಳ್ಳು ಹೇಳಿದ್ದೇನೆಯೇ? ಇಲ್ಲ. ಬಸ್ಸು ತಡವೆಂದು ಒಂದು ದಿನವೂ ಹೇಳಿಲ್ಲ. ಆದರೆ ಕೇಳಲಿಲ್ಲವೆಂದು ಹೇಳದೆ ಇದ್ದದ್ದು ಸತ್ಯವೇ? ಪಾಠ ಓದದೆ ಬಂದ ಹುಡುಗ, ಮಾಸ್ತರರು ತನ್ನನ್ನು ಕೇಳಲಿಲ್ಲವಾದ್ದರಿಂದ ತಾನು ಪಾಠ ಓದಿದಂತೆಯೇ ಎಂದರೆ ಅವಳು ಒಪ್ಪುತ್ತಿದ್ದಳೇ? ಹರಿಶ್ಚಂದ್ರ ಮಾಸ್ತರರ ಐದು ನಿಮಿಷಕ್ಕೆ ಕೆಂಪು ಗೆರೆ ಎಳೆದ ಕೈ ತನ್ನ ಇಪ್ಪತ್ತು ನಿಮಿಷಕ್ಕೆ ಯಾವ ಬಣ್ಣದ ಶಾಯಿ ಹುಡುಕಬೇಕು?

ಇನ್ನೊಂದು ಕಡೆಯಿಂದ ಸಿಟ್ಟೂ ಬರುತ್ತಿತ್ತು. ಅದು ಶಾಲೆಯ ಸಮಯವಲ್ಲ, ಅದಕ್ಕೆ ಸಂಬಳವಿಲ್ಲ. ಮನೆಯ ಕೆಲಸದಲ್ಲಿ ಒಂದು ಚಮಚೆಯಷ್ಟೂ ಅದರಿಂದ ಕಡಿಮೆಯಾಗಿರಲಿಲ್ಲ. ತನ್ನ ಬದುಕಿನಲ್ಲಿ ಯಾರದ್ದೂ ಅಲ್ಲದ ಇಪ್ಪತ್ತು ನಿಮಿಷ ಇರಬಾರದೆಂದು ಎಲ್ಲಿ ಬರೆದಿದೆ? ಇವತ್ತು ಅತ್ತೆ ಕೇಳಬಹುದು. ಬಸ್ಸು ಕೆಟ್ಟಿತ್ತು, ತಲೆ ತಿರುಗಿ ಕುಳಿತೆ, ಹೀಗೆ ಯಾವುದನ್ನಾದರೂ ಹೇಳಿದರೆ ಇಪ್ಪತ್ತು ನಿಮಿಷ ಉಳಿಯಬಹುದು. ಆದರೆ ಉಳಿದದ್ದು ಸುಳ್ಳಿನ ಮೇಲೆ ನಿಲ್ಲುತ್ತದೆ. ನಿಜ ಹೇಳಿದರೆ ಬೆಂಚು ಹೋಗಬಹುದು. ಇನ್ನು ಮೇಲೆ ಐದೂ ನಲವತ್ತಕ್ಕೆ ಬಾ ಎಂದು ಯಾರಾದರೂ ಅಂದುಬಿಟ್ಟರೆ, ಬರುವುದಿಲ್ಲವೆನ್ನಲು ತನ್ನ ಬಳಿ ಇರುವ ಕಾರಣವೇನು? ಬಿಸಿ ಬನ್ಸ್. ಇದನ್ನು ಯಾವ ಅರ್ಜಿಯಲ್ಲಿ ಬರೆಯಲಿಕ್ಕಾಗುತ್ತದೆ?

ಅಂಗಳಕ್ಕೆ ಬಂದಾಗಲೇ ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಕುದಿಯುವ ವಾಸನೆ ಮೂಗಿಗೆ ಬಡಿಯಿತು. ಸಾಮಾನ್ಯವಾಗಿ ಮೀನು ಅವಳ ಚೀಲದಲ್ಲಿ ಬಂದ ಮೇಲೆಯೇ ಮಸಾಲೆ ರುಬ್ಬುವುದು. ಇಂದು ಸಾರು ಅವಳಿಗಿಂತ ಮುಂದೆ ಹೋಗಿತ್ತು.

ಸತೀಶ ಜಗಲಿಯ ಕುರ್ಚಿಯಲ್ಲಿ ಮೊಬೈಲು ಹಿಡಿದು ಕುಳಿತಿದ್ದ. ಅವಳನ್ನು ಕಂಡು ಮೊಬೈಲನ್ನು ಮಗುಚಿ ಇಟ್ಟ. ಅಡಿಗೆಮನೆಯಲ್ಲಿ ಗಂಗೂ ಎಂದಿನಂತೆ ಎರಡು ಲೋಟಗಳಿಗೆ ತಟ್ಟೆ ಮುಚ್ಚಿ, ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ವಿನುತಾ ಚೀಲ ಇಡುವುದನ್ನು ನೋಡಿ, ಹಿಂದೆಂದೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಬಸ್ಸು ತಡವಾಯ್ತೇನೇ?"

ಸ್ವರದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಕಾಗದ ಕೊಡುವಷ್ಟೇ ತಣ್ಣಗೆ ಅದು ಬಂತು. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆಯೆಂದು ವಿನುತಾಳಿಗೆ ತಿಳಿಯಿತು. ಗೊತ್ತಿಲ್ಲದಿದ್ದರೂ ತಾನು ಕೊಡುವ ಉತ್ತರ ಬೇರೆಯಾಗಕೂಡದೆಂಬುದೂ ಅದೇ ಕ್ಷಣದಲ್ಲಿ ಅವಳಿಗೆ ಸ್ಪಷ್ಟವಾಯಿತು.

"ಇಲ್ಲ ಅತ್ತೆ. ಬಸ್ಸು ಐದೂವರೆಗೇ ಬಂತು. ನಾ ಹೋಟ್ಲಲ್ಲಿ ಕೂತ್ಕಂಡಿದ್ದೆ."

"ಇವತ್ತೊಂದೇ ದಿನಾನಾ?"

"ಅಲ್ಲ. ದಿನಾ. ಸುರಂಗ ಆದಾಗಿಂದ."

ಗಂಗೂ ತಲೆಯಾಡಿಸಿದಳು. ಕಾಶಿಯೂ ಹಾಗೆಯೇ ಹೇಳಿದಳೆಂದೂ, ಹೇಳುವಾಗ ತನ್ನ ಮುಖ ನೋಡಿ ಅವಳೇ ಗಾಬರಿಯಾಗಿ ಚೀಲ ಬಿಟ್ಟು ಓಡಿದಳೆಂದೂ ಹೇಳಿದಳು.

ಅಷ್ಟರಲ್ಲಿ ಸತೀಶ ಬಾಗಿಲಿಗೆ ಬಂದು ನಿಂತಿದ್ದ. ಕೂಗಾಡುವುದು ಅವನ ಸ್ವಭಾವವಲ್ಲ. ಅವನು ಲೆಕ್ಕ ಮಾಡುವವನು. ದಿನಕ್ಕೆ ಇಪ್ಪತ್ತು ನಿಮಿಷದಂತೆ, ಶಾಲೆಯಿರುವ ಇನ್ನೂರಿಪ್ಪತ್ತು ದಿನಕ್ಕೆ ನಾಲ್ಕು ಸಾವಿರದ ನಾಲ್ಕುನೂರು ನಿಮಿಷವಾಯಿತೆಂದು ಅವನು ಶಾಂತವಾಗಿ ವಿವರಿಸಿದ.

"ಅಂದ್ರೆ ಮೂರು ದಿನ, ಒಂದು ತಾಸು, ಇಪ್ಪತ್ತು ನಿಮಿಷ. ಮೂರು ಹಗಲು ಮೂರು ರಾತ್ರಿ ನೀನು ಮಾಬ್ಲೇಶ್ವರನ ಹೋಟ್ಲಲ್ಲಿ ಇದ್ದಂಗಾಯ್ತು."

ಆ ಸಮಯದಲ್ಲಿ ತನ್ನ ಆಯಿಯ ಮಾತ್ರೆ ತರಬಹುದಿತ್ತು, ಹಿತ್ತಿಲ ಬಸಳೆಗೆ ನೀರು ಬಿಡಬಹುದಿತ್ತು, ಏನೂ ಇಲ್ಲವೆಂದರೆ ಆಯಿಯ ಹತ್ತಿರ ಕುಳಿತು ನಾಲ್ಕು ಮಾತಾಡಬಹುದಿತ್ತು ಎಂದು ಅವನು ಸೇರಿಸಿದ.

ಓದುಗರು ಇಲ್ಲಿ ಗಮನಿಸಬೇಕು. ಸತೀಶ ಕೆಟ್ಟವನಲ್ಲ, ಹೆಂಡತಿಯನ್ನು ಎಂದೂ ಹೀನಾಯವಾಗಿ ಕಂಡವನಲ್ಲ. ಆದರೂ ಉಳಿದ ಸಮಯ ತಾನಾಗಿಯೇ ಮನೆಯದಾಗುತ್ತದೆಂದೂ, ಅದರಲ್ಲಿ ಹೆಂಡತಿಗೆ ಪಾಲು ಬರುವುದಿಲ್ಲವೆಂದೂ ಅವನು ಎರಡು ಸಲ ಯೋಚಿಸದೆ ನಂಬಿದ್ದ. ಕೆಟ್ಟವರು ಮಾಡುವ ಅನ್ಯಾಯಕ್ಕಾದರೂ ಹೆಸರಿದೆ. ಒಳ್ಳೆಯವರು ಯೋಚಿಸದೆ ಮಾಡುವ ಅನ್ಯಾಯಕ್ಕೆ ಹೆಸರೇ ಇಲ್ಲ. ಆದ್ದರಿಂದಲೇ ಅದು ಅಷ್ಟು ಕಾಲ ಬಾಳುತ್ತದೆ.

ಅವನು ದಿನವೂ ಆರೂವರೆಗೆ ಹೊರಟು ನಾಲ್ಕು ರಸ್ತೆ ಕೂಡುವಲ್ಲಿಯ ಕಟ್ಟೆಯ ಮೇಲೆ ಗೆಳೆಯ ರಾಜೀವನ ಜೊತೆ ಎಂಟರ ತನಕ ಕುಳಿತುಬರುತ್ತಿದ್ದ. ವಿನುತಾ ಅದನ್ನು ನೆನಪಿಸಿದಳು.

"ನಿಮ್ಮ ಕಟ್ಟೆ ಲೆಕ್ಕಾನೂ ಮಾಡಿ. ದಿನಕ್ಕೆ ಒಂದೂವರೆ ತಾಸು. ಅದಕ್ಕೆ ರಜೆ ದಿನಾನೂ ಇಲ್ಲ."

"ಅದು ಬೇರೆ" ಎಂದ ಸತೀಶ.

"ಹೆಂಗೆ ಬೇರೆ?"

ಗಣಿತದ ಮಾಸ್ತರ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ಏನನ್ನೋ ಗೀಚಿದ. ಲೆಕ್ಕ ಅವನೊಳಗೆ ತನ್ನಷ್ಟಕ್ಕೆ ನಡೆಯುತ್ತಿತ್ತೆಂಬುದು ಮುಖದಲ್ಲಿ ಕಾಣುತ್ತಿತ್ತು, ಮತ್ತು ಉತ್ತರ ಮೂರು ದಿನಕ್ಕಿಂತ ಬಹಳ ಹೆಚ್ಚು ಬರುತ್ತಿತ್ತೆಂಬುದೂ. ಕೊನೆಗೆ ಅವನು ಜಗಲಿಗೆ ಹೋಗಿ ಮಗುಚಿದ್ದ ಮೊಬೈಲನ್ನು ಎತ್ತಿಕೊಂಡ.

ಗೆದ್ದೆನೆಂದು ವಿನುತಾ ಅಂದುಕೊಂಡದ್ದು ಅರ್ಧ ನಿಮಿಷ ಮಾತ್ರ. ಗಂಗೂ ಒಂದು ಲೋಟದ ಮೇಲಿನ ತಟ್ಟೆ ತೆಗೆದು ಬೆರಳಿನಿಂದ ಚಹಾದ ಕೆನೆಯನ್ನು ಬದಿಗೆ ಸರಿಸುತ್ತ, ಯಾರಿಗೂ ಅಲ್ಲವೆಂಬಂತೆ ಮಾತಾಡಿದಳು.

"ನಂಗೆ ಚಾ ಬೇಕು ಅನ್ಸೂದು ಐದೂವರೆಗೆ. ತಲೆ ಸಿಡೀತದೆ. ಸೊಸಿ ದಣಕಂಡ್ ಬರ್ತದೆ, ಒಟ್ಟಿಗೇ ಕುಡೀವ ಹೇಳಿ ಆರು ಗಂಟೆ ತನಕ ತಡಕಂತಿದ್ದೆ. ನಿಂಗೆ ಚಾ ಬೇಕೇ ಇರ್ಲಿಲ್ಲ. ಹೊಟ್ಟೆ ತುಂಬಾ ಕುಡ್ಕಂಡ್ ಬಂದು, ಇಲ್ಲಿ ಕುಡೂದು ಸುಮ್ನೆ ನನ್ನ ಮೋರೆ ನೋಡ್ಕಂಡು."

ಗಂಡನ ಮಾತು ವಿನುತಾಳ ಸಿಟ್ಟನ್ನು ಎಬ್ಬಿಸಿತ್ತು. ಅತ್ತೆಯ ಮಾತು ಅವಳನ್ನು ಕೂರಿಸಿತು. ತನ್ನ ಸುಖದಿಂದ ಯಾರಿಗೂ ಒಂದು ಚಮಚೆಯ ನಷ್ಟವಿಲ್ಲವೆಂದು ಅವಳು ದಾರಿಯುದ್ದಕ್ಕೂ ವಾದಿಸಿಕೊಂಡು ಬಂದಿದ್ದಳು. ಇಲ್ಲಿ ಒಬ್ಬ ಮುದುಕಿ, ದಿನಕ್ಕಿರುವ ಒಂದೇ ಒಂದು ಚಪಲವನ್ನು ತಲೆನೋವಿನೊಂದಿಗೆ ತಡೆದುಕೊಂಡು ಮುಚ್ಚಿದ ಲೋಟದ ಮುಂದೆ ಕುಳಿತಿದ್ದಳು. ಸುರಂಗ ಬಂದ ವಿಷಯವನ್ನು ಒಮ್ಮೆ ಹೇಳಿದ್ದರೆ ಸಾಕಿತ್ತು.

ಅವಳು ಎದುರಿಗೆ ಕುಳಿತಳು. ಯಾವುದಕ್ಕೆ ತಪ್ಪೊಪ್ಪಿಕೊಳ್ಳಬೇಕು, ಯಾವುದಕ್ಕೆ ಒಪ್ಪಿಕೊಳ್ಳಬಾರದು ಎಂಬುದನ್ನು ಮನಸ್ಸಿನಲ್ಲೇ ಬೇರೆ ಬೇರೆ ಮಾಡಿಕೊಂಡಳು. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಎಲ್ಲಕ್ಕೂ ಕ್ಷಮೆ ಕೇಳಿ ಮುಗಿಸುವುದು ಸುಲಭ. ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೂ ಅದನ್ನೇ.

"ನಿಮ್ಮ ಚಾ ಕಾಯಿಸ್ದೆ ಅಲ್ಲ, ಅದು ನನ್ನ ತಪ್ಪು ಅತ್ತೆ. ಹೇಳ್ದೆ ಇದ್ದದ್ದೂ ತಪ್ಪು. ಆದ್ರೆ ಅಲ್ಲಿ ಕೂತದ್ದು ತಪ್ಪಲ್ಲ. ನಾ ಮುಂದೂ ಕೂತ್ಕಂತೆ. ಅಷ್ಟು ಹೊತ್ತು ನಂಗೆ ಬೇಕು."

ಗಂಗೂ ಅವಳನ್ನು ದಿಟ್ಟಿಸಿ ನೋಡಿದಳು.

"ಅಲ್ಲಿ ಎಂತಾ ಮಾಡ್ತೆ?"

"ಎಂತದೂ ಇಲ್ಲ."

"ಎಂತದೂ ಇಲ್ಲದೆ ಇಪ್ಪತ್ತು ನಿಮಿಷಾನಾ?"

"ಹೌದು. ಬನ್ಸ್ ತಿಂತೆ. ಜನ ನೋಡ್ತೆ. ನೀವು ಇನ್ನು ಕಾಯೂದು ಬೇಡ. ಐದೂವರೆಗೆ ನಿಮ್ಮ ಚಾ ನೀವು ಕುಡೀರಿ."

ಮುದುಕಿ ಎರಡನೆಯ ಲೋಟವನ್ನು ಸೊಸೆಯ ಕಡೆ ನೂಕದೆ, ಅದನ್ನೂ ತನ್ನ ಲೋಟಕ್ಕೇ ಬಗ್ಗಿಸಿಕೊಂಡು ಕುಡಿದಳು. ರಾತ್ರಿಯ ಊಟದಲ್ಲಿ ಬಂಗಡೆಯ ಹೊಟ್ಟೆಯ ಭಾಗವನ್ನು ಎಂದಿನಂತೆ ವಿನುತಾಳ ಬಟ್ಟಲಿಗೇ ಬಡಿಸಿದಳು. ಸತೀಶ ಅಂದು ಕಟ್ಟೆಗೆ ಹೋಗಲಿಲ್ಲ. ಹೋಗದೆ ಇದ್ದದ್ದು ಪಶ್ಚಾತ್ತಾಪದಿಂದಲೋ, ಲೆಕ್ಕ ಮತ್ತೆ ಏಳಬಹುದೆಂಬ ಭಯದಿಂದಲೋ ಹೇಳಲಾಗದು. ಭಾನುವಾರ ಮತ್ತೆ ಹೋದ.

ಶನಿವಾರ ಅರ್ಧ ದಿನದ ಶಾಲೆ; ಸಂಜೆಯ ಬಸ್ಸು ಹತ್ತಿದ್ದು ಸೋಮವಾರ. ಅದು ಐದೂವರೆಗೆ ಸರಿಯಾಗಿ ಅಂಕೋಲೆಯನ್ನು ತಲುಪಿತು. ವಿನುತಾ ಇಳಿದು ನಿಂತಳು. ಈಗ ಹೋಟೆಲಿಗೆ ಹೋಗುವುದು ಗುಟ್ಟಲ್ಲ. ಹೋಗುತ್ತೇನೆಂದು ಹೇಳಿ ಹೋಗುವುದು. ಹೇಳಿ ಹೋಗುವುದು ಇಷ್ಟು ಕಷ್ಟವೆಂದು ಅವಳು ಎಣಿಸಿರಲಿಲ್ಲ. ಮನೆಯಲ್ಲಿ ಮುದುಕಿ ಹಟ ಹಿಡಿದು ಇನ್ನೂ ಕಾಯುತ್ತಿದ್ದರೆ? ಅಥವಾ ಒಬ್ಬಳೇ ಕುಳಿತು ಕುಡಿಯಲಾರದೆ ಚಹಾವನ್ನೇ ಬಿಟ್ಟಿದ್ದರೆ? ಒಂದು ಹೆಜ್ಜೆ ಮನೆಯ ದಾರಿಗೆ ಹೋಯಿತು. ಇವತ್ತು ಹೋದರೆ ನಾಳೆಯೂ ಹೋಗಬೇಕಾಗುತ್ತದೆ ಎಂದು ಅವಳು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೆಂಚಿನ ತುದಿಯಲ್ಲಿ ಕುಳಿತು ಬನ್ಸ್ ತಿಂದಳು. ರುಚಿ ಮೊದಲಿನಷ್ಟೇ ಇತ್ತು. ಕದ್ದು ತಿಂದದ್ದಕ್ಕೆ ರುಚಿ ಹೆಚ್ಚೆಂದು ಹೇಳುವವರು ಬನ್ಸನ್ನು ಬಿಸಿಯಾಗಿ ತಿಂದಿರಲಿಕ್ಕಿಲ್ಲ. ಆದರೂ ಐದು ನಿಮಿಷ ಮೊದಲೇ ಎದ್ದಳು.

ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಮುಚ್ಚಿಟ್ಟ ಲೋಟಗಳಿರಲಿಲ್ಲ. ತೊಳೆದ ಒಂದು ಲೋಟ ಕಟ್ಟೆಯ ಮೇಲೆ ಬೋರಲಾಗಿತ್ತು. ಗಂಗೂ ಹಿಂದಿನ ಬಾಗಿಲ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು, ಬಸಳೆ ಚಪ್ಪರದ ಕೆಳಗೆ ಕೋಳಿಗಳು ಕೆದಕುವುದನ್ನು ನೋಡುತ್ತ ಕುಳಿತಿದ್ದಳು.

"ಚಾ ಕುಡುದ್ರಾ ಅತ್ತೆ?"

"ಐದೂವರೆಗೇ ಕುಡುದೆ."

ವಿನುತಾ, ಒಬ್ಬರೇ ಕುಡಿಯಲು ಬೇಸರವಾಯಿತೇ ಎಂದು ಮೆಲ್ಲಗೆ ಕೇಳಿದಳು.

ಗಂಗೂ ಪ್ರಾಮಾಣಿಕವಾಗಿ ಯೋಚಿಸಿದಳು.

"ಇಲ್ಲಾ. ನೀ ಬಂದ್ರೆ ಸಾಲೆ ಸುದ್ದಿ ಶುರು ಮಾಡ್ತೆ. ಆ ಹೆಡ್‌ಮಾಸ್ತರ ಹಂಗಂದ, ಆ ಚಿತ್ರದ ಮಾಸ್ತರ ತಡವಾಗಿ ಬಂದ. ಹೂಂ ಹೂ ಅನ್ನೂದ್ರೊಳಗೆ ನನ್ನ ಚಾ ತಣ್ಣಗಾಗ್ತಿತ್ತು. ಇವತ್ತು ಬಿಸಿ ಬಿಸಿ ಕುಡುದೆ. ಚೊಲೋ ಆಯ್ತು."

ವಿನುತಾಳಿಗೆ ಈ ಮಾತು ಸಣ್ಣಗೆ ಚುಚ್ಚಿತು. ಹದಿಮೂರು ವರ್ಷ ಆ ಹೊತ್ತಿನಲ್ಲಿ ತಾನು ಹೇಳುತ್ತಿದ್ದ ಸುದ್ದಿಗಳನ್ನು ಮುದುಕಿ ಆಸೆಯಿಂದ ಕೇಳುತ್ತಾಳೆಂದೇ ಅವಳು ನಂಬಿದ್ದಳು. ಅದನ್ನು ತ್ಯಾಗವೆಂದೂ ಒಳಗೊಳಗೇ ಎಣಿಸಿದ್ದಳು. ಒಂಟಿಯಾಗಿ ಕುಳಿತುಕೊಳ್ಳುವ ಹಕ್ಕಿಗಾಗಿ ಅಷ್ಟೆಲ್ಲ ವಾದಿಸಿದವಳು, ಅದೇ ಹಕ್ಕನ್ನು ಇನ್ನೊಬ್ಬರು ಇಷ್ಟು ಸಲೀಸಾಗಿ ತೆಗೆದುಕೊಂಡಾಗ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದಳು. ಇದು ಅವಳಿಗೇ ಅರಿವಾಯಿತು. ಅರಿವಾದ ಮೇಲೆ ನಗು ಬಂತು. ನಗುತ್ತಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕಿ ಅಳೆಯಲು ಡಬ್ಬಿಯ ಮುಚ್ಚಳ ತೆಗೆದಳು.

ಹೊರಗಿನಿಂದ ಗಂಗೂ, ತಿರುಗಿ ನೋಡದೆಯೇ, ಇನ್ನೂ ಒಂದು ಮಾತು ಹೇಳಿದಳು.

"ನಾಳೆ ಬೇಕಾದ್ರೆ ಇನ್ನೂ ಹತ್ತು ನಿಮಿಷ ಕೂತ್ಕಂಡೇ ಬಾ. ಗಡಿಬಿಡಿ ಇಲ್ಲ."